ಒಟ್ಲಿನ ನೀರು

ಅರಕಲಗೂಡಿನವರ ಬಾಯಲ್ಲಿ ಈ ಕಥೆ ಪಾಠದಿಂದ ಶುರುವಾಗುತ್ತದೆ, ಹಾಸನದವರ ಬಾಯಲ್ಲಿ ಬೈಗುಳದಿಂದ. ಇಬ್ಬರೂ ಒಪ್ಪುವುದಿಷ್ಟು: ಅದು ಎರಡು ಸಾವಿರದ ಐದನೆಯ ಇಸವಿಯ ಮಳೆಗಾಲ, ಮತ್ತು ತಪ್ಪು ಮೇಘಶ್ರೀಯದು.

ಹಾಸನದ ಒಂದು ಖಾಸಗಿ ಕಾಲೇಜಿನಲ್ಲಿ ಮೇಘಶ್ರೀ ಕಂಪ್ಯೂಟರುಗಳ ಜಾಲ ನೋಡಿಕೊಳ್ಳುತ್ತಿದ್ದಳು. ಅಲ್ಲಿದ್ದದ್ದು ಒಂದೇ ಇಂಟರ್‌ನೆಟ್ ಲೈನು. ಅದರ ಬ್ಯಾಂಡ್‌ವಿಡ್ತಿನಲ್ಲಿ ಮುಕ್ಕಾಲು ಪಾಲು ಆಫೀಸಿಗೆ. ಮಿಕ್ಕಿದ್ದರಲ್ಲಿ ಗಣಿತದ ಕಮಲಾಕ್ಷಮ್ಮ ಮೇಡಂ ಅರಕಲಗೂಡಿನ ಶಾಖೆಗೆ ಪರದೆಯ ಮೇಲೆ ಪಾಠ ಹೇಳಬೇಕು. ಆಫೀಸು ದಿನವೆಲ್ಲ ಸುಮ್ಮನಿದ್ದರೂ ಅದರ ಪಾಲು ಅದಕ್ಕೇ. ಇಲ್ಲಿ ಮೇಡಂ ಎತ್ತಿದ ಸೀಮೆಸುಣ್ಣದ ಕೈ ಅಲ್ಲಿನ ಪರದೆಯಲ್ಲಿ ಇಳಿಯುತ್ತಲೇ ಇರಲಿಲ್ಲ.

ಮೇಘಶ್ರೀ ದಂಡಿಗನಹಳ್ಳಿಯ ರೈತರ ಮಗಳು. ಅವಳೂರಿನ ಕೆರೆಕಾಲುವೆಯಲ್ಲಿ ಸರದಿಯವನು ಬಾರದಿದ್ದರೆ ಪಕ್ಕದ ಗದ್ದೆಯವನು ನೀರು ತಿರುಗಿಸಿಕೊಳ್ಳಬಹುದಿತ್ತು. ಹಾಗೆಯೇ ಅವಳೂ ಆಫೀಸು ಬಳಸದ ಪಾಲನ್ನು ಪಾಠದತ್ತ ತಿರುಗಿಸಿದಳು. ಕೈ ಇಳಿಯಿತು, ಲೆಕ್ಕಗಳು ಮುಂದೆ ಸಾಗಿದವು.

ಆದರೆ ಪರೀಕ್ಷೆಯ ಅಂಕಗಳನ್ನು ಕಳಿಸುವ ದಿನ ಆಫೀಸಿನ ಕಂಪ್ಯೂಟರು ಮಿಸುಕಲಿಲ್ಲ. ಕಡ ಪಡೆದ ಪಾಲನ್ನು ಪಾಠ ಬಿಟ್ಟುಕೊಡಲಿಲ್ಲ. ಆಫೀಸಿನ ಮುಖ್ಯಸ್ಥ ಲಕ್ಷ್ಮೀನರಸಿಂಹಯ್ಯನವರು ಎದ್ದೇ ಬಂದರು.

"ಏನಮ್ಮಾ, ಎತ್ತಿನಗಾಡಿಗೆ ಹೇರಿದ್ರೂ ಇಷ್ಟೊತ್ತಿಗೆ ಮುಟ್ಟಿರೋದು! ನಮ್ಮೆಲೆಗೆ ಬಡಿಸಿದ್ದನ್ನ ಪಕ್ಕದೆಲೆಗೆ ಎಳೆದುಬಿಟ್ಯಾ?"

"ಉಣ್ಣೋರು ಯಾರೂ ಇರ್ಲಿಲ್ಲ ಸಾ."

"ಕೈ ತೊಳೆಯೋಕ್ ಹೋಗಿದ್ರಮ್ಮಾ! ನಾಳೆ ಸರಿಹೋಗ್ದಿದ್ರೆ ಅರಕಲಗೂಡಿನ ಪಾಠ ಬಂದ್. ತಿಳೀತಾ?"

ತಿಳಿಯಿತು. ಕಾಲುವೆಯ ಕಟ್ಟಳೆಯಲ್ಲಿ ತಿರುಗಿಸಿಕೊಳ್ಳುವುದನ್ನಷ್ಟೇ ಅವಳು ನೆನಪಿಟ್ಟಿದ್ದಳು. ಸರದಿಯವನು ಬಂದು ಬದುವಿನ ಮೇಲೆ ಗುದ್ದಲಿ ಊರಿದನೆಂದರೆ, ಕಡದವನು ಮರುಮಾತಿಲ್ಲದೆ ತನ್ನ ಗದ್ದೆಗೆ ನೀರು ಬರುವ ಮಡೆ ಕಟ್ಟಬೇಕು. ಒಟ್ಲಿಗೆ, ಅಂದರೆ ಭತ್ತದ ಸಸಿಮಡಿಗೆ, ಹರಿಯುವ ಎಳೆಯಷ್ಟು ನೀರನ್ನು ಮಾತ್ರ ಯಾವ ಗೌಡನೂ ಕಟ್ಟುವಂತಿಲ್ಲ.

ಪಾಠದಲ್ಲಿ ಒಟ್ಲು ಯಾವುದು? ಚಿತ್ರವಲ್ಲ, ದನಿ. ಅವಳು ಜಾಲಕ್ಕೆ ಹೊಸ ಕಟ್ಟಳೆ ಬರೆದಳು: ಆಫೀಸು ಕೇಳಿದ ಗಳಿಗೆಯಲ್ಲೇ ಅದರ ಪಾಲು ಅದಕ್ಕೆ ಹಿಂದಿರುಗಬೇಕು, ಮೇಡಂ ದನಿಯ ಎಳೆಯನ್ನು ಯಾರೂ ಮುಟ್ಟಬಾರದು, ಚಿತ್ರಕ್ಕೆ ಉಳಿದಷ್ಟು.

ಮರುದಿನ ಪಾಠದ ನಡುವೆಯೇ ಲಕ್ಷ್ಮೀನರಸಿಂಹಯ್ಯನವರು ಅಂಕಗಳನ್ನು ಕಳಿಸಲು ಕೂತರು. ಅವರ ಪಕ್ಕದಲ್ಲೇ ನಿಂತಿದ್ದ ಮೇಘಶ್ರೀಗೆ ಅರಕಲಗೂಡಿನಿಂದ ಜವಾನ ದೇವಯ್ಯನ ಫೋನು ಬಂತು.

"ಮೇಡಮ್ಮೋರು ಬೊಂಬೆಯಂಗೆ ನಿಂತೋದ್ರು ಕಣವ್ವಾ!"

"ಮಾತು?" ಎಂದಳು ಮೇಘಶ್ರೀ.

"ಮಾತು ಬತ್ತಾ ಐತೆ. ಉಡ್ಗೀರು ತಲೆ ಎತ್ತದೆ ಬರ್ಕೊತಾವ್ರೆ."

ಫೋನು ಇನ್ನೂ ಅವಳ ಕಿವಿಯಲ್ಲೇ ಇತ್ತು. ಲಕ್ಷ್ಮೀನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮ ಊಟ ಆಯ್ತಮ್ಮಾ. ಇನ್ನು ಅವರಿಗೆ ಬಡಿಸು."

ಬಡಿಸಲು ಅವಳೇನೂ ಮಾಡಬೇಕಿರಲಿಲ್ಲ. ಅತ್ತ ದೇವಯ್ಯ ನಕ್ಕದ್ದು ಕೇಳಿಸಿತು: "ಕೈ ಇಳೀತು ಕಣವ್ವಾ."