ಆರನೇ ಪುಸ್ತಕ

ನಾನು ಏಳು ತಿಂಗಳ ಬಸುರಿ ಎಂಬುದು ಯಾರಿಗೂ ಗೊತ್ತಾಗಿಲ್ಲ ಎಂದು ನಂಬಿದ್ದವಳು ಇಡೀ ಊರಿನಲ್ಲಿ ನಾನೊಬ್ಬಳೇ. ಗಂಡನಿಗೂ ಅತ್ತೆಗೂ ಗೊತ್ತಿತ್ತು, ಆ ಮಾತು ಬೇರೆ. ಗೊತ್ತಾಗಬಾರದಿದ್ದದ್ದು ಬೆಳಿಗ್ಗೆ ಎಂಟಕ್ಕೆ ನನ್ನ ಮನೆಗೆ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಓಡುವ ಅಪ್ಪ ಅಮ್ಮಂದಿರಿಗೆ. ಅದಕ್ಕಾಗಿ ಹೂಡಿದ ಉಪಾಯಗಳನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಡೇರೆಯಂಥ ಒಂದು ಏಪ್ರನ್ ಹೊಲಿಸಿಕೊಂಡೆ. ಬಾಗಿಲು ತೆಗೆಯುವಾಗ ಹೊಟ್ಟೆಗೆ ಅಡ್ಡವಾಗಿ ದಿಂಬನ್ನೋ ಮಗುವನ್ನೋ ಹಿಡಿದಿರುತ್ತಿದ್ದೆ. ಒಂದು ದಿನ ಕೈಗೆ ಏನೂ ಸಿಗದೆ ಬಟ್ಟೆ ಬುಟ್ಟಿ ಅವುಚಿಕೊಂಡು ಹತ್ತು ನಿಮಿಷ ಹರಟಿದೆ. ಬುಟ್ಟಿಯೊಳಗೆ ಇದ್ದದ್ದು ಒಂದೇ ಒಂದು ಕಾಲುಚೀಲ.

ಯಾಕಿಷ್ಟು ಕಳ್ಳಾಟ ಅಂದರೆ, ಹಿಂದಿನ ಬೀದಿಯಲ್ಲಿ ನನ್ನ ಹಾಗೇ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಒಬ್ಬಾಕೆ ತನ್ನ ಸುದ್ದಿಯನ್ನು ಮೂರನೇ ತಿಂಗಳಲ್ಲೇ ಸಂಭ್ರಮದಿಂದ ಹೇಳಿಕೊಂಡಿದ್ದಳು. ಎರಡು ವಾರದಲ್ಲಿ ಅವಳ ಹಜಾರದಲ್ಲಿ ಉಳಿದದ್ದು ಆಟದ ಸಾಮಾನು ಮಾತ್ರ. ನನಗೆ ಆ ಗತಿ ಬಂದರೆ ಬೇರೆ ದಾರಿ ಇರಲಿಲ್ಲ. ಟೈಲರ್ ಅಂಗಡಿಯಲ್ಲಿ ಒಂದೇ ಅಂಗಿಗೆ ಎರಡೂ ಎಡಗೈ ತೋಳು ಹೊಲಿದು ಹೊರಬಿದ್ದವಳು ನಾನು. ಔಷಧಿ ಅಂಗಡಿಯಲ್ಲಿ ಗಿರಾಕಿಗಳ ಕಷ್ಟಸುಖ ಕೇಳುತ್ತಾ ಕೂತು ಔಷಧಿ ಕೊಡುವುದನ್ನೇ ಮರೆತು ಹೊರಬಿದ್ದವಳು. ನಾಲ್ಕು ವರ್ಷ ನನ್ನನ್ನು ಯಾರೂ ಓಡಿಸದೆ ಉಳಿದ ಕೆಲಸ ಇದೊಂದೇ. ಈ ಐದು ಮಕ್ಕಳು ಹೋದರೆ ನಾನು ಮತ್ತೆ ಏನೂ ಬಾರದವಳು.

ಐವರನ್ನೂ ಹೇಳಿಬಿಡುತ್ತೇನೆ. ವಕೀಲಮ್ಮನ ನಾಲ್ಕು ವರ್ಷದ ಮಗನನ್ನು ನಾನು ಪ್ರಶ್ನೆಪತ್ರಿಕೆ ಎಂದೇ ಕರೆಯುತ್ತಿದ್ದೆ, ನಿದ್ದೆಯಲ್ಲೂ “ಯಾಕೆ?” ಅನ್ನುವ ಪ್ರಾಣಿ. ಬ್ಯಾಂಕಿನವರ ಮಗಳು ಮೇಡಂ, ಮಿಕ್ಕವರನ್ನೆಲ್ಲ ಗದರುವವಳು. ಕ್ಷೌರದ ಅಂಗಡಿಯವನ ಅವಳಿಗಳು ಜೋಡಿಚಪ್ಪಲಿ. ಒಂದು ಕಾಣದಿದ್ದರೆ ಇನ್ನೊಂದು ಕೆಲಸಕ್ಕೆ ಬಾರದು. ಕಡೆಯವನು ನರ್ಸಮ್ಮನ ಹನ್ನೊಂದು ತಿಂಗಳ ಗುಂಡ. ಅವನು ಹೆಗಲ ಮೇಲಲ್ಲದೆ ಬೇರೆಲ್ಲೂ ಮಲಗಿದವನಲ್ಲ. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಗುಂಡ ಭಾರದ ಪಟ್ಟಿಗೆ ಸೇರುತ್ತಾನೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಪ್ರತಿ ಮಗುವಿಗೂ ಕೆಂಪು ರಟ್ಟಿನ ಒಂದು ಪುಸ್ತಕ. ಏನು ತಿಂದಿತು, ಎಷ್ಟು ಹೊತ್ತು ಮಲಗಿತು, ಹೊಟ್ಟೆ ಸರಿಯಿತ್ತೇ, ಮನಸ್ಸು ಹೇಗಿತ್ತು ಎಂದು ಬರೆದು ಸಂಜೆ ಚೀಲಕ್ಕೆ ಹಾಕಿ ಕಳಿಸುತ್ತೇನೆ. ಮನೆಯವರು ಓದಿ ಸಹಿ ಮಾಡಿ ಬೆಳಿಗ್ಗೆ ತರುತ್ತಾರೆ. ಮನಸ್ಸಿನ ಕಾಲಮ್ಮಿನಲ್ಲಿ ನಾನು ನಾಲ್ಕು ವರ್ಷದಿಂದ ಬರೆಯುತ್ತಿದ್ದದ್ದು ಒಂದೇ ಪದ: “ಖುಷಿ”. ಕಚ್ಚಿದ ದಿನವೂ ಖುಷಿ, ಕಚ್ಚಿಸಿಕೊಂಡ ದಿನವೂ ಖುಷಿ. ದುಡಿದು ದಣಿದು ಬಂದ ತಾಯಿಗೆ ಕಣ್ಣೀರಿನ ವರದಿ ಯಾಕೆ ಎಂದು ನನ್ನ ಸಮಜಾಯಿಷಿ.

ಅಂಗಡಿಯಲ್ಲಿ ಆ ಪುಸ್ತಕಗಳು ಆರರ ಕಟ್ಟಿನಲ್ಲಿ ಬರುತ್ತವೆ. ಕಾಲು ಊತ, ನಿದ್ದೆ, ತಲೆಸುತ್ತು ಎಲ್ಲ ಬರೆದಿಡಿ ಎಂದು ಡಾಕ್ಟರು ಹೇಳಿದಾಗ ಆರನೆಯದನ್ನು ನಾನೇ ಇಟ್ಟುಕೊಂಡೆ. ಊತದ ಪಕ್ಕದಲ್ಲಿ ಒಂದು ಸಾಲು, ತಲೆಸುತ್ತಿನ ಕೆಳಗೆ ಎರಡು ಸಾಲು ಎಂದು ಬರೆಯುತ್ತಾ ಹೋದದ್ದು ಪುಟ ತುಂಬತೊಡಗಿತು. ಬಾಯಲ್ಲಿ ಆಡಲಾರದ್ದೆಲ್ಲ ಅದಕ್ಕೆ ಹೋಯಿತು.

ಅವತ್ತು ಜೋಡಿಚಪ್ಪಲಿಗಳು ಪುಸ್ತಕಗಳ ಮೇಲಿನ ಹೆಸರಿನ ಚೀಟಿಗಳನ್ನೆಲ್ಲ ಕಿತ್ತು ಕೆನ್ನೆಗೆ ಅಂಟಿಸಿಕೊಂಡಿದ್ದರು. ಸಂಜೆಯ ಗಡಿಬಿಡಿಯಲ್ಲಿ ನಾನು ಚೀಟಿಯಿಲ್ಲದ ಪುಸ್ತಕಗಳನ್ನು ಅಂದಾಜಿನ ಮೇಲೆ ತುರುಕಿ ಕಳಿಸಿದೆ. ಎಲ್ಲರೂ ಹೋದ ಮೇಲೆ ಕಪಾಟಿನಲ್ಲಿ ಉಳಿದದ್ದನ್ನು ತೆರೆದರೆ: “ಅನ್ನ ಅರ್ಧ ಬಟ್ಟಲು. ನಿದ್ದೆ ಒಂದು ಗಂಟೆ. ಖುಷಿ.” ಹಿಂದಿನ ಪುಟದಲ್ಲಿ ವಕೀಲಮ್ಮನ ಸಹಿ. ಪ್ರಶ್ನೆಪತ್ರಿಕೆಯ ಪುಸ್ತಕ.

ಹಾಗಾದರೆ ನನ್ನದು ವಕೀಲಮ್ಮನ ಮನೆಗೆ ಹೋಗಿದೆ. ಕುರ್ಚಿ ಅಂದುಕೊಂಡು ಮಕ್ಕಳ ಸ್ಟೂಲಿನ ಮೇಲೆ ಕೂತೆ. ಏಳಲು ಅತ್ತೆ ಬರಬೇಕಾಯಿತು.

ಅತ್ತೆ ನಿವೃತ್ತ ಬಸ್ ಕಂಡಕ್ಟರ್. ಅವರ ಪಿಸುಮಾತು ಬೀದಿಯ ಕೊನೆಗೆ ಕೇಳುತ್ತದೆ. ಮಕ್ಕಳು ಬೆಚ್ಚುತ್ತಾರೆಂದು ಹಗಲಲ್ಲಿ ಅವರು ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದು ಗಂಡನ ಕೈಲಿ ಹೇಳಿಸಿ ನಾನೇ ಕಟ್ಟುಮಾಡಿದ್ದೆ.

“ಏನು ಬರೆದಿದ್ದೆ ಅಂಥಾದ್ದು?” ಎಂದು ಕೇಳಿದರು.

“ಎಲ್ಲ.”

“ಎಲ್ಲ ಅಂದ್ರೆ?”

“‘ವಕೀಲಮ್ಮನ ಮುಂದೆ ಹೊಟ್ಟೆ ಎಳ್ಕೊಂಡು ನಿಂತೆ, ಕಣ್ಣು ಕತ್ತಲೆ ಬಂತು, ಅವರ ಕಣ್ಣಿಗೆ ಮಣ್ಣೆರಚಿದೆ’ ಅಂತ.”

“ಅಷ್ಟೇನಾ?”

“‘ಪ್ರಶ್ನೆಪತ್ರಿಕೆ ಒಂದು ಗಂಟೆ ಅತ್ತ. ಜೊತೆಗೆ ನಾನೂ ಅತ್ತೆ. ಪುಸ್ತಕದಲ್ಲಿ ಖುಷಿ ಅಂತ ಬರೆದೆ’ ಅಂತಾನೂ ಇದೆ.”

ಅತ್ತೆ, “ನನ್ನ ಬಗ್ಗೆ?” ಅಂದರು.

“ಇದೆ.”

“ಅದನ್ನೂ ಓದಲಿ ಬಿಡು,” ಎಂದು ನನ್ನನ್ನು ಎತ್ತಿ ನಿಲ್ಲಿಸಿದರು.

ಮರುದಿನ ಎಂಟಕ್ಕೆ ಐದು ನಿಮಿಷ ಮೊದಲೇ ಬಾಗಿಲ ಗಂಟೆ ಸದ್ದಾಯಿತು. ವಕೀಲಮ್ಮ ಮಗನನ್ನು ಒಳಗೆ ಬಿಟ್ಟು ಕೆಂಪು ಪುಸ್ತಕವನ್ನು ಕೈಗಿಟ್ಟರು. ಅಭ್ಯಾಸಬಲ, ಸಹಿ ಮಾಡಿದ್ದರು. ನಾನು ಆಗಲೂ ಪೆದ್ದಿಯ ಹಾಗೆ ದಿಂಬು ಹಿಡಿದಿದ್ದೆ.

“ದಿಂಬು ಕೆಳಗಿಡಿ,” ಅಂದರು. “ನಾಲ್ಕನೇ ತಿಂಗಳಿಂದ ನಮ್ಮೆಲ್ಲರಿಗೂ ಗೊತ್ತು.”

ಹಿಂದೆ ಗುಂಡನನ್ನೆತ್ತಿಕೊಂಡು ನಿಂತಿದ್ದ ನರ್ಸಮ್ಮ ಕಿಸಕ್ಕೆಂದಳು. “ಅಕ್ಕ, ನಾನು ಕೆಲಸ ಮಾಡೋದೇ ಹೆರಿಗೆ ವಾರ್ಡಲ್ಲಿ. ನೀವು ಬಗ್ಗಿ ಚಪ್ಪಲಿ ಎತ್ಕೊಂಡಿದ್ದು ನೋಡೇ ತಿಂಗಳು ಎಣಿಸಿದ್ದೆ.”

ನಾಲ್ಕು ತಿಂಗಳು ಉಸಿರು ಬಿಗಿಹಿಡಿದು ಹೆರಿಗೆ ವಾರ್ಡಿನ ನರ್ಸಿಗೆ ಟೋಪಿ ಹಾಕುತ್ತಿದ್ದೇನೆಂದುಕೊಂಡಿದ್ದೆ. ಮುಖ ಹುಳ್ಳಗಾಯಿತು. “ಗೊತ್ತಿದ್ರೆ ಒಂದು ಮಾತು ಕೇಳಬಾರದಿತ್ತಾ?”

“ನೀವು ಹೇಳಲಿಲ್ಲ, ಹೇಗೆ ಕೇಳೋದು?” ಅಂದರು ವಕೀಲಮ್ಮ. “ದಪ್ಪ ಆಗಿದ್ದೀರಾ ಅಂತ ಕೇಳಲಾ? ನೀವು ಆಸ್ಪತ್ರೆ ಸೇರಿದ ದಿನ ಮಕ್ಕಳನ್ನ ಯಾರು ನೋಡ್ಕೋತಾರೆ ಅಂತ ನೀವು ಬಾಯಿ ಬಿಡ್ತೀರ ಅಂತ ಕಾದ್ವಿ, ಕಾದ್ವಿ. ಆಮೇಲೆ ದೊಡ್ಡ ರಸ್ತೆಯ ಶಿಶುವಿಹಾರದಲ್ಲಿ ಜಾಗ ಕೇಳಿಟ್ವಿ. ಒಂದನೇ ತಾರೀಖಿಂದ. ಇವತ್ತು ಸಂಜೆ ಐದರೊಳಗೆ ಬೇಕೋ ಬೇಡವೋ ಹೇಳಬೇಕು.”

ಹೇಳಿದರೆ ಹೋಗುತ್ತಾರೆಂದು ಹೇಳದೆ ಇದ್ದೆ; ಹೇಳದೆ ಇದ್ದದ್ದಕ್ಕೇ ಹೊರಟಿದ್ದರು. ಇಷ್ಟು ಅಚ್ಚುಕಟ್ಟಾಗಿ ನನ್ನ ಕಾಲಿನ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಟೈಲರ್ ಅಂಗಡಿಯಲ್ಲೂ ಇಲ್ಲ.

“ಹಾಗಾದ್ರೆ ಯಾರು ನೋಡ್ಕೋತಾರೆ?” ಎಂದು ಮತ್ತೆ ಕೇಳಿದರು. ನಾಲ್ಕು ತಿಂಗಳು ಏಪ್ರನ್ನಿನ ಬಗ್ಗೆ ಯೋಚಿಸಿದ್ದೆನೇ ಹೊರತು ಇದರ ಬಗ್ಗೆ ಅಲ್ಲ.

“ನಾನು ನೋಡ್ಕೋತೀನಿ!” ಎಂದು ಅಡುಗೆಮನೆಯಿಂದ ಗುಡುಗಿತು. ಮೇಡಂ ಕಿವಿ ಮುಚ್ಚಿಕೊಂಡಳು. ಅತ್ತೆ ಕೈ ಒರೆಸಿಕೊಳ್ಳುತ್ತಾ ಹೊಸ್ತಿಲು ದಾಟಿ ಬಂದರು. “ಮೂವತ್ತು ವರ್ಷ ದಿನಕ್ಕೆ ಆರ್ನೂರು ಜನಾನ ಹತ್ತಿಸಿ ಇಳಿಸಿದ್ದೀನಿ. ಒಬ್ಬರನ್ನೂ ಕಳೆದುಕೊಂಡಿಲ್ಲ.”

ವಕೀಲಮ್ಮ ನನ್ನ ಮುಖ ನೋಡಿದರು. “ಸರಿ. ಇವತ್ತು ಇವರೇ ನೋಡಲಿ. ನೀವು ಕುರ್ಚಿ ಬಿಟ್ಟು ಏಳಬಾರದು. ಸಂಜೆ ಬರ್ತೀನಿ.”

ಆ ದಿನದಷ್ಟು ಉದ್ದದ ದಿನ ನನ್ನ ಆಯುಸ್ಸಿನಲ್ಲಿಲ್ಲ. ಅತ್ತೆ ಮೊದಲಿಗೆ ಹಜಾರದ ಸ್ಟೂಲುಗಳನ್ನೆಲ್ಲ ಎರಡು ಸಾಲಾಗಿ ಜೋಡಿಸಿದರು. “ಒಳಗೆ ನಡೀರಿ, ಒಳಗೆ ನಡೀರಿ! ಬಾಗಿಲಲ್ಲಿ ನಿಂತ್ರೆ ಬಸ್ಸು ಹೊರಡಲ್ಲ!” ಜೋಡಿಚಪ್ಪಲಿಗಳು ಮರುಮಾತಿಲ್ಲದೆ ಹೋಗಿ ಕೂತರು. ಇವರಿಬ್ಬರನ್ನು ಕೂರಿಸಲು ನಾನು ಎಂಟು ತಿಂಗಳಿಂದ ಹಾಡಿ, ಕುಣಿದು, ಕಾಲು ಹಿಡಿದು ಸೋತಿದ್ದೆ. ಊಟದ ಹೊತ್ತಿಗೆ “ಇಲ್ಲಿ ಹತ್ತು ನಿಮಿಷ ನಿಲ್ಲುತ್ತೆ, ತಿನ್ನೋರು ತಿನ್ಕೊಳ್ಳಿ” ಅಂದರು. ತಟ್ಟೆಗಳು ಖಾಲಿ. ಮೇಡಂ ತಾನೇ ಟಿಕೆಟ್ ತಪಾಸಣೆಗೆ ಹೊರಟಳು. ನಾನು ಕುರ್ಚಿಯಲ್ಲಿ ಕೂತು ಇದೆಲ್ಲ ಸರಿಹೋಗಲಿ ಎಂದು ಹಾರೈಸುತ್ತಿದ್ದೆ. ಸರಿಹೋದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು.

ಗುಂಡ ಇದ್ದಾನಲ್ಲ, ಅವನು ನನ್ನ ಮರ್ಯಾದೆ ಉಳಿಸುತ್ತಾನೆ ಎಂದುಕೊಂಡೆ. ಮಧ್ಯಾಹ್ನ ಅವನು ರಾಗ ತೆಗೆದ. ನಾನು ಕುರ್ಚಿಯಿಂದ ಅರ್ಧ ಎದ್ದೆ.

“ಕೂತ್ಕೊಳೇ!” ಅಂದರು ಅತ್ತೆ. ಗುಂಡನನ್ನು ಹೆಗಲಿಗೆ ಹಾಕಿಕೊಂಡು ಹಜಾರದ ನಡುವೆ ಕಾಲು ಅಗಲಿಸಿ ನಿಂತರು. ಆಡಿಸಲಿಲ್ಲ, ತಟ್ಟಲಿಲ್ಲ. ಸುಮ್ಮನೆ ನಿಂತಲ್ಲೇ ಓಡುವ ಬಸ್ಸಿನಲ್ಲಿ ನಿಂತವರ ಹಾಗೆ ಸಣ್ಣಗೆ ಓಲಾಡಿದರು. ಎಡ ತಿರುವಿನಲ್ಲಿ ಕೊಂಚ ಬಲಕ್ಕೆ, ಹಳ್ಳ ಬಂದರೆ ಮೊಣಕಾಲಲ್ಲಿ ಒಂದು ಮಡಿಕೆ. ಮೂವತ್ತು ವರ್ಷದ ರಸ್ತೆ ಅವರ ಕಾಲಲ್ಲೇ ಉಳಿದಿತ್ತು. ಮೂರನೇ ತಿರುವಿಗೆ ಗುಂಡ ನಿದ್ದೆಹೋದ. ಅವನನ್ನು ಹಾಸಿಗೆಯ ಮೇಲೆ ಇಟ್ಟರು, ಏಳಲಿಲ್ಲ. ದ್ರೋಹಿ.

ಎಡವಟ್ಟಾದದ್ದು ಪ್ರಶ್ನೆಪತ್ರಿಕೆಯಿಂದ. ಬಸ್ಸಿಗೆ ಚಕ್ರ ಯಾಕಿಲ್ಲ, ಡ್ರೈವರ್ ಎಲ್ಲಿ, ಅಜ್ಜಿ ಯಾಕೆ ಕಿರುಚುತ್ತೆ ಎಂದು ಅವನು ಬಿಡದೆ ಕೊರೆದ. ನಲವತ್ತನೇ ಪ್ರಶ್ನೆಗೆ ಅತ್ತೆ ಸೀಟಿ ಊದಿ, “ಇಳಿಯೋ ಕೆಳಗೆ! ಹಿಂದಿನ ಬಸ್ಸಿಗೆ ಬಾ!” ಎಂದು ಅವನನ್ನು ಸ್ಟೂಲಿನಿಂದ ಇಳಿಸಿ ಕಿಟಕಿಯ ಬಳಿ ನಿಲ್ಲಿಸಿಬಿಟ್ಟರು. ಹುಡುಗ ಜೋರಾಗಿ ಅತ್ತ. ನಾನು ಗಡಿಯಾರ ನೋಡುತ್ತಾ ಕೂತೆ. ಎಂಟು ನಿಮಿಷ. ಆಮೇಲೆ ಕಣ್ಣು ಒರೆಸಿಕೊಂಡು ಕೈ ಅಡ್ಡ ಹಿಡಿದ. ಅತ್ತೆ ಬಸ್ಸು ನಿಲ್ಲಿಸಿ ಹತ್ತಿಸಿಕೊಂಡರು. ಅವನು ಹತ್ತುತ್ತಾ, “ಹಿಂದಿನ ಬಸ್ಸಿಗೂ ನೀನೇ ಯಾಕೆ ಕಂಡಕ್ಟರ್?” ಎಂದ.

ಸಂಜೆ ಬರುತ್ತೇನೆಂದ ವಕೀಲಮ್ಮ ಮೂರೂವರೆಗೇ ಬಂದರು. ಮಗ ಓಡಿಹೋಗಿ, “ಅಮ್ಮಾ, ಅಜ್ಜಿ ನನ್ನ ಬಸ್ಸಿಂದ ಇಳಿಸಿಬಿಡ್ತು!” ಎಂದು ದೂರು ಕೊಟ್ಟ.

ಅವನ ಪುಸ್ತಕ ನನ್ನ ತೊಡೆಯ ಮೇಲಿತ್ತು. ಮನಸ್ಸಿನ ಕಾಲಂ ಇನ್ನೂ ಖಾಲಿ. ಪೆನ್ನು ತಂತಾನೇ ಹಳೆಯ ಪದದ ಕಡೆಗೆ ಹೊರಟಿತ್ತು. ಅತ್ತೆ ಬೇರೆ ನನ್ನತ್ತ ಕಣ್ಣು ಮಿಟುಕಿಸಿ, “ಏನಾದ್ರೂ ಒಳ್ಳೇದು ಬರೆಯೇ,” ಎಂದು ಪಿಸುಗುಟ್ಟಿದರು. ಬೀದಿಗೆಲ್ಲ ಕೇಳಿಸಿತು.

ನಾನು ಬರೆದದ್ದನ್ನು ವಕೀಲಮ್ಮ ನಿಂತಲ್ಲೇ ಗಟ್ಟಿಯಾಗಿ ಓದಿದರು: “‘ಅಜ್ಜಿ ಗದರಿದರು. ಬಸ್ಸಿನಿಂದ ಇಳಿಸಿದರು. ಎಂಟು ನಿಮಿಷ ಅತ್ತ. ಅಜ್ಜಿಯದು ತಪ್ಪು, ಅಷ್ಟು ಜೋರು ಮಾಡಬಾರದಿತ್ತು. ಆಮೇಲೆ ತಾನೇ ಹತ್ತಿದ. ಈಗ ಸಿಟ್ಟಿದೆ.’”

“ತಪ್ಪಾ?” ಅತ್ತೆ ಸೊಂಟದ ಮೇಲೆ ಕೈಯಿಟ್ಟರು. “ನಲವತ್ತು ಪ್ರಶ್ನೆ ಕಣೇ!”

“ತಪ್ಪೇ ಅತ್ತೆ. ಅವನಿಗೆ ನಾಲ್ಕು ವರ್ಷ.”

ಮದುವೆಯಾದ ಮೇಲೆ ಅವರಿಗೆ ನಾನು ನೇರವಾಗಿ ಎದುರಾಡಿದ್ದು ಅದೇ ಮೊದಲು. ಅತ್ತೆ ಪ್ರಶ್ನೆಪತ್ರಿಕೆಯ ತಲೆ ಸವರಿ, “ಬಾರೋ ಪುಟ್ಟ, ಡ್ರೈವರ್ ಕೆಲಸ ಖಾಲಿ ಇದೆ,” ಅಂದರು.

ವಕೀಲಮ್ಮ ಪುಸ್ತಕ ಮುಚ್ಚಿದರು. “ನನ್ನ ಮಗ ಮನೇಲಿ ದಿನಕ್ಕೆ ಮೂರು ಸಲ ಅಳ್ತಾನೆ. ನಿಮ್ಮ ಪುಸ್ತಕದಲ್ಲಿ ವರ್ಷಪೂರ್ತಿ ಒಂದು ದಿನಾನೂ ಅತ್ತಿಲ್ಲ. ಇಂಥಾ ಸಾಕ್ಷಿ ಕೋರ್ಟಿಗೆ ಬಂದ್ರೆ ನಾನೇ ಓಡಿಸಿಬಿಡ್ತೀನಿ. ನನಗೆ ಭಯ ಆಗಿದ್ದು ನಿಮ್ಮ ಹೊಟ್ಟೆ ನೋಡಿ ಅಲ್ಲ, ಆ ಖುಷಿ ನೋಡಿ.” ಫೋನ್ ತೆಗೆದು ಶಿಶುವಿಹಾರಕ್ಕೆ ಮಾಡಿದರು. ಜಾಗ ಬೇಡ ಎಂದರು. ನನ್ನ ಕಡೆ ತಿರುಗಿ, “ಈ ಅಜ್ಜಿ ದಿನಾ ಕಿರುಚಿದ್ರೆ ದಿನಾ ಬರೀರಿ,” ಎಂದರು.

ಎಲ್ಲರೂ ಉಳಿದರೆಂದು ಹೇಳಿದರೆ ಮತ್ತೆ ಹಳೇ ಚಾಳಿ ಆಗುತ್ತದೆ. ಕ್ಷೌರದ ಅಂಗಡಿಯವನು ಬಂದು ತಲೆ ಕೆರೆಯುತ್ತಾ, “ತಪ್ಪು ತಿಳ್ಕೋಬೇಡಿ ಅಕ್ಕ, ನಾನು ಬೆಳಿಗ್ಗೇನೇ ಅಲ್ಲಿಗೆ ಹೂಂ ಅಂದುಬಿಟ್ಟೆ,” ಅಂದ. ಜೋಡಿಚಪ್ಪಲಿಗಳು ಅವನ ಎರಡು ಕೈ ಹಿಡಿದು ಒಂದೇ ಹೆಜ್ಜೆಯಲ್ಲಿ ಮೆಟ್ಟಿಲಿಳಿದಾಗ ನನಗೆ ಅಳು ಬಂತು. ಬ್ಯಾಂಕಿನವರು ವಕೀಲಮ್ಮ ಎಲ್ಲಿಗೋ ತಾವೂ ಅಲ್ಲಿಗೇ ಅನ್ನುವವರು, ಹಾಗಾಗಿ ಮೇಡಂ ಉಳಿದಳು. ಐದರಲ್ಲಿ ಮೂರು.

ನರ್ಸಮ್ಮ ಕೊನೆಗೆ ಬಂದಳು. ಮಲಗಿದ್ದ ಗುಂಡನನ್ನು ನೋಡಿ ಅತ್ತೆಗೆ ಕೈ ಮುಗಿದು, ನನ್ನ ಮುಂದೆ ನೆಲದ ಮೇಲೆ ಕೂತು ಕೇಳದೆಯೇ ನನ್ನ ಕಾಲನ್ನು ತೊಡೆಯ ಮೇಲೆ ಎತ್ತಿಕೊಂಡಳು. ಹೆಬ್ಬೆರಳಿನಿಂದ ಕಣಕಾಲನ್ನು ಒತ್ತಿ ಬಿಟ್ಟಳು. ಗುಳಿ ಹಾಗೇ ನಿಂತಿತು.

“ಈ ಊತ ಒಳ್ಳೇದಲ್ಲ. ನಾಳೆ ನನ್ನ ಜೊತೆ ಆಸ್ಪತ್ರೆಗೆ ಬಂದು ತೋರಿಸ್ತೀರ. ಆಮೇಲೆ ಕೆಲಸಕ್ಕೆ ಬರಬೇಡಿ,” ಅಂದಳು.

“ಕೆಲಸಕ್ಕೆ ಬರಬೇಡ ಅಂದ್ರೆ? ಇದು ನನ್ನ ಮನೆ ಕಣೇ. ಎಲ್ಲಿಗೆ ಹೋಗಲಿ?”

“ಆ ಕೋಣೆಗೆ,” ಎಂದು ಅತ್ತೆ ಮಲಗುವ ಕೋಣೆಯ ಬಾಗಿಲು ತೋರಿಸಿದರು. “ಬೇಗ ನಡಿ. ದಾರೀಲಿ ನಿಲ್ಲಬೇಡ.”