ಕರಗದ ಬಾಲ

ಅತ್ತಿಗೆಯ ಕೂಸಿಗೆ ಬೆನ್ನಿನ ತುದಿಯಲ್ಲಿ ಕಿರುಬೆರಳಿನಷ್ಟು ಮೆತ್ತನೆಯ ಬಾಲವಿತ್ತು. ಲಿಂಗ ಕಟ್ಟಲು ಮಠದಿಂದ ಅಯ್ಯನವರು ಬಂದಾಗ ಅವ್ವ ಕೂಸನ್ನು ಬಿಗಿಯಾಗಿ ಸುತ್ತಿ ನನ್ನ ಮಡಿಲಿಗೆ ಹಾಕಿದಳು. ಅವರು ಕಟ್ಟದೆ ಎದ್ದುಹೋದರೆ ಊರು ಅದನ್ನು ಮನುಷ್ಯರ ಕೂಸು ಎನ್ನುವುದಿಲ್ಲವೆಂಬ ಭಯ ಅವಳಿಗೆ.

ಹುಲ್ಲಹಳ್ಳಿಯಲ್ಲಿ ವಿಜ್ಞಾನದ ಮೇಷ್ಟರಾಗಿದ್ದ ಅಣ್ಣ ಬಟ್ಟೆ ಸರಿಸಿಯೇಬಿಟ್ಟ. “ಹೊಟ್ಟೇಲಿದ್ದಾಗ ಎಲ್ಲಾರ್ಗೂ ಇರ್ತದೆ ಅಯ್ನೋರೇ, ಆಮೇಲೆ ಕರಗೋಯ್ತದೆ. ಕೋತಿಗೂ ನಮಗೂ ಒಂದೇ ಬೇರು.”

“ಅಂಗಾರೆ ಇವನ್ನ ಸಿವ ಮಾಡ್ಲಿಲ್ವೇನ್ಲಾ?” ಅವ್ವ ಅತ್ತಳು.

ಅಯ್ಯನವರು ಬಾಲವನ್ನು ಮುಟ್ಟಿ ನೋಡಿದರು. “ಮಾಡ್ತಾನೇ ಅವ್ನೆ ತಾಯಿ, ಇನ್ನೂ ಮುಗ್ದಿಲ್ಲ,” ಎಂದು ಲಿಂಗ ಕಟ್ಟಿದರು.

ಅವ್ವ ಕಣ್ಣೊರೆಸಿಕೊಂಡು ಊಟಕ್ಕೆ ಎಲೆ ಹಾಕಲು ಎದ್ದಳು. ನನಗೆ ಮಾತ್ರ ಅಂದಿನಿಂದ ಕೂತಲ್ಲೆಲ್ಲ, ಬೆನ್ನಿನ ತುದಿಯಲ್ಲಿ, ಎಂದೋ ಕರಗಿದ್ದು ಮೆಲ್ಲನೆ ಅಲುಗಿದಂತಾಗುತ್ತದೆ.