ಮೊದಲ ಕುಲುಕಿನ ಸದ್ದು

ನೌಶೀನ್ ಬರೆದ ಕೋಡಿನ ನಲವತ್ತನೆಯ ಸಾಲಿಗೆ ಬಂದಾಗ ಗಾನವಿಗೆ ಕಳ್ಳತನ ಕೈಗೆ ಸಿಕ್ಕಿತೆನಿಸಿತು. ‘ಮೊದಲ ಸದ್ದನ್ನು ಎಣಿಸದೆ ಬಿಡು’ ಎನ್ನುತ್ತಿತ್ತು ಆ ಸಾಲು.

ತಿಪಟೂರಿನ ಆ ಪುಟ್ಟ ಆಫೀಸಿನಲ್ಲಿ ತಯಾರಾಗುತ್ತಿದ್ದದ್ದು, ತೆಂಗಿನಕಾಯಿಯನ್ನು ಕುಲುಕಿ, ಸದ್ದು ಕೇಳಿ, ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುವ ಯಂತ್ರ. ಗಾನವಿಯ ಕೋಡು ನೂರರಲ್ಲಿ ಎಂಬತ್ತು ಕಾಯಿ ಸರಿ ಹೇಳುತ್ತಿತ್ತು. ಬಂದು ಮೂರು ತಿಂಗಳಾಗದ ನೌಶೀನಳದು ತೊಂಬತ್ತಾರು. ಅವಳ ಕೆಲಸ ಕಾಯಂ ಆಗುವುದು ಗಾನವಿ ಇವತ್ತು ಬರೆಯುವ ಷರಾದ ಮೇಲೆ ನಿಂತಿತ್ತು; ಮಾಲೀಕ ದಯಾನಂದ್ ಕಾಯುತ್ತಿದ್ದರು.

ಏನನ್ನೋ ಬಚ್ಚಿಡದೆ ತೊಂಬತ್ತಾರು ಬರುವುದುಂಟೆ? ತನಗಾಗದ ಸದ್ದನ್ನೆಲ್ಲ ಎಸೆದಿದ್ದಾಳೆ. ಕೋಡು ಎಲ್ಲೆಲ್ಲೂ ಚೊಕ್ಕವಾಗಿತ್ತು. ಆ ಚೊಕ್ಕತನವೇ ಅನುಮಾನ ಹುಟ್ಟಿಸಿತು. ‘ಸೋತಿದ್ದನ್ನು ಮುಚ್ಚಿಡಲು ಈ ಸಾಲು’ ಎಂದು ಟೈಪು ಮಾಡಿ, ಕಳಿಸುವ ಮುಂಚೆ ನೌಶೀನಳನ್ನು ಕರೆದಳು.

“ಬಾರೇ ಇಲ್ಲಿ. ಮೊದಲ್ನೇ ಸದ್ದು ಏನ್ ಪಾಪ ಮಾಡಿತ್ತು?”

ನೌಶೀನ್ ಪರದೆ ನೋಡಿದಳು. ಷರಾ ಅಲ್ಲೇ ಇತ್ತು. ಮೂಲೆಯ ರಾಶಿಯಿಂದ ಒಂದು ಕಾಯಿ ತಂದು ಗಾನವಿಯ ಕಿವಿಯ ಹತ್ತಿರ ಕುಲುಕಿದಳು. ಸದ್ದಿಲ್ಲ. ಮತ್ತೊಮ್ಮೆ ಕುಲುಕಿದಳು. ಗಡಗಡ.

“ಕೊಬ್ಬರಿ ಕರಟಕ್ಕೆ ಕಚ್ಕೊಂಡಿರ್ತದೆ ಅಕ್ಕ, ಒಂದ್ ಕುಲುಕಿಗೆ ಬುಡಲ್ಲ. ಗೋಡೌನಲ್ಲಿ ಕಾಯಿ ಆರ್ಸೋ ಕಲ್ಲಮ್ಮ ಮೊದಲ್ನೇದು ಕಿವೀಗೇ ಹಾಕ್ಕಳಲ್ಲ. ನಿಮ್ಮನೇಲಿ ಅಟ್ಟದ ತುಂಬ ಕಾಯಿ, ನಿಮಗೊತ್ತಿಲ್ವಾ? ನಮ್ಮಪ್ಪ ಟೈಲರ್ರು, ನಾನು ಹೋಗಿ ಕೇಳ್ಕೊಂಡ್ ಬಂದೆ.”

ಗಾನವಿಯ ಕಿವಿ ಬಿಸಿಯಾಯಿತು. ಆದರೂ ಅನುಮಾನ ಹೋಗಲಿಲ್ಲ. ಮತ್ತೆ ಮೇಲಿನಿಂದ ಓದಿದಳು. ಈ ಸಲ ನೌಶೀನಳನ್ನು ಬಿಟ್ಟು ಕಾಯಿಯ ಬೆನ್ನು ಹಿಡಿದಳು: ಒಂದನೇ ಕಾಯಿ, ಎರಡನೇ ಕಾಯಿ. ಎರಡನೆಯದರ ಮೊದಲ ಸದ್ದನ್ನು ಕೋಡು ಬಿಡಲೇ ಇಲ್ಲ.

“ಒಂದೊಂದೇ ಕಾಯಿ ಇಟ್ಟು ಟೆಸ್ಟ್ ಮಾಡ್ದಾ?”

“ಹ್ಞೂಂ.”

“ಮಿಷಿನ್ ಟ್ರೇಗೆ ಒಟ್ಟಿಗೇ ಹನ್ನೆರಡು ಹಾಕಿದ್ರೆ? ಇದು ಒಂದ್ನೇದಕ್ಕೆ ಮಾತ್ರ ಬಿಡ್ತೈತೆ ಕಣೇ.”

ನೌಶೀನಳ ಮುಖ ಬಿಳಿಚಿಕೊಂಡಿತು. “ಯಾ ಅಲ್ಲಾ.”

ಎಸೆದದ್ದು ಹೆಚ್ಚಾಯಿತೆಂದು ಗಾನವಿ ಬೆಳಗಿನಿಂದ ಇವಳ ಹಿಂದೆ ಬಿದ್ದಿದ್ದಳು. ಆದರೆ ಎಸೆದದ್ದು ಸಾಲದೆ ಹೋಗಿತ್ತು. ತಪ್ಪು ಇದ್ದದ್ದು ಅದೇ ಸಾಲಿನಲ್ಲಿ.

“ಈಗ ದಯಾನಂದ್ ಸರ್‌ಗೆ ಏನಂತ ಕಳಿಸ್ತೀರಾ?” ನೌಶೀನ್ ಷರಾದಿಂದ ಕಣ್ಣು ಕೀಳದೆ ಕೇಳಿದಳು.

ಗಾನವಿ ಅದನ್ನು ಅಳಿಸಿದಳು. ‘ಟ್ರೇಯ ಪ್ರತಿ ಕಾಯಿಗೂ ಮೊದಲ ಸದ್ದು ಬಿಡಬೇಕು, ಸರಿಪಡಿಸಿ. ಉಳಿದದ್ದು ನನ್ನ ಕೋಡಿಗಿಂತ ಚೆನ್ನಾಗಿದೆ’ ಎಂದು ಬರೆದು ಕಳಿಸಿದಳು.

ನೌಶೀನ್ ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು.

“ನಿಮ್ಮ ಕೋಡೂ ತೆಗೀರಿ ಅಕ್ಕ. ನಾನೂ ಒಂಚೂರು ನೋಡ್ತೀನಿ.”